ಪಟ್ಟಿಯಿಂದ ಬಿದ್ದ ಹೆಸರು ಮತ್ತು ಅದರ ಪರ ನಿಲ್ಲುವ ವಕೀಲ



ನಿಂಬರ್ಗಾ ಸೀಮೆಯಲ್ಲಿ ನಾನು ಮಾಸ್ತರನಾಗಿದ್ದ ಕಾಲದಲ್ಲಿ ಪಾಠಕ್ಕೆ ಇಟ್ಟ ದಿನಗಳಲ್ಲಿ ಎಷ್ಟೋ ದಿನಗಳನ್ನು ಗಣತಿಗಳೇ ನುಂಗಿಬಿಡುತ್ತಿದ್ದವು. 1994ರ ವಿಧಾನಸಭಾ ಚುನಾವಣೆಗೆ ಮುಂಚೆ ಒಂದು ಹಳ್ಳಿಯ ಮತದಾರರ ಪಟ್ಟಿಯ ಪರಿಷ್ಕರಣೆ ನನ್ನ ಪಾಲಿಗೆ ಬಂದಿತ್ತು. ಒಂದು ಮನೆಗೆ ಬೀಗ ಹಾಕಿತ್ತು. ಪಕ್ಕದವರನ್ನು ಕೇಳಿದೆ. "ಪುಣೆಕ್ಕ ಹೋಗ್ಯಾರ್ರಿ, ಇನ್ನ ಬರಂಗಿಲ್ಲ" ಎಂದರು. ಬಿಸಿಲು ನೆತ್ತಿಗೇರಿತ್ತು, ಇನ್ನೂ ನಲವತ್ತು ಮನೆಗಳು ಉಳಿದಿದ್ದವು. "ಊರು ಬಿಟ್ಟಿದ್ದಾರೆ" ಎಂದು ಷರಾ ಬರೆದು ಮುಂದಿನ ಮನೆಗೆ ನಡೆದೆ.

ಮತದಾನದ ದಿನ ಆ ಮನೆಯ ಮುತ್ಯಾ ಕೂಲಿ ಬಿಟ್ಟು, ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದಿದ್ದರು. ಪಟ್ಟಿಯಲ್ಲಿ ಹೆಸರಿರಲಿಲ್ಲ. ಶಾಲೆಯ ಗೇಟಿನ ಬಳಿ ನನ್ನನ್ನು ಕಂಡು, "ಮಾಸ್ತರ್ರ, ನಾ ಇನ್ನಾ ಜೀವಂತ ಅದೀನ್ರಿ, ನನ್ನ ಹೆಸರ ಎಲ್ಲಿ ಹೋತು?" ಎಂದು ಕೇಳಿದರು. ಹೆಸರು ತೆಗೆದವನು ನಾನೇ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಇಂದು ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಆಳಂದದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದಾಗ ನನಗೆ ಮೊದಲು ನೆನಪಾದದ್ದು ಆ ಮುತ್ಯಾನ ಮುಖ. 2023ರ ಮೇ ಚುನಾವಣೆಗೆ ಕೆಲವೇ ತಿಂಗಳ ಮುಂಚೆ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಲು ಕೋರುವ ನಮೂನೆ 7ರ ಅರ್ಜಿಗಳು ಆನ್‌ಲೈನಿನಲ್ಲಿ 6,018 ಬಂದವು. ಒಬ್ಬ ಬಿ.ಎಲ್.ಓ. ತನ್ನ ಸಂಬಂಧಿಯದೇ ಹೆಸರು ತೆಗೆಯಲು ಅರ್ಜಿ ಬಂದಿರುವುದನ್ನು ಕಂಡು ಸಂಶಯಪಟ್ಟ ಮೇಲೆ ವಿಷಯ ಹೊರಬಿತ್ತು. ಮನೆಮನೆಗೆ ಹೋಗಿ ಪರಿಶೀಲಿಸಿದಾಗ ನಿಜವೆಂದು ತೋರಿದವು 24 ಮಾತ್ರ. ಅರ್ಜಿದಾರರೆಂದು ಹೆಸರಿದ್ದವರಿಗೇ ಆ ಅರ್ಜಿಯ ಸುಳಿವಿರಲಿಲ್ಲ. 2023ರ ಫೆಬ್ರವರಿ 21ರಂದು ದೂರು ದಾಖಲಾಯಿತು. 2025ರ ಸೆಪ್ಟೆಂಬರಿನಲ್ಲಿ ವಿಶೇಷ ತನಿಖಾ ದಳ ರಚನೆಯಾಯಿತು. ಯಾರು ಮಾಡಿದರೆಂಬುದನ್ನು ನ್ಯಾಯಾಲಯ ಹೇಳಲಿ. ಪಕ್ಷಗಳ ವಾದ ಟಿ.ವಿ.ಯಲ್ಲಿ ಸಾಕಷ್ಟಾಗಿದೆ, ಅದನ್ನು ಇಲ್ಲಿ ಬೆಳೆಸಲಾರೆ.

ನನ್ನ ಚಿಂತೆ ಬೇರೆ. ಆ ಬಿ.ಎಲ್.ಓ. ನನ್ನಂತೆ ಬಿಸಿಲಿಗೆ ಬೇಸತ್ತು ಷರಾ ಬರೆದಿದ್ದರೆ ಏನಾಗುತ್ತಿತ್ತು?

ಕಾನೂನು ದುರ್ಬಲವಾಗಿಲ್ಲ. 1950ರ ಪ್ರಜಾಪ್ರತಿನಿಧಿ ಕಾಯಿದೆಯ 20ನೇ ಕಲಮಿನ ಪ್ರಕಾರ, ತಾತ್ಕಾಲಿಕವಾಗಿ ಊರಲ್ಲಿಲ್ಲದ ಮಾತ್ರಕ್ಕೆ ಒಬ್ಬನು ಆ ಊರಿನ ನಿವಾಸಿಯಾಗದೆ ಹೋಗುವುದಿಲ್ಲ. ಸುಗ್ಗಿ ಮುಗಿದೊಡನೆ ಪುಣೆ, ಸೊಲ್ಲಾಪುರ, ಮುಂಬಯಿಗೆ ಗುಳೆ ಹೋಗುವ ನಮ್ಮ ಜನರಿಗಾಗಿಯೇ ಬರೆದಂತಿದೆ ಈ ಕಲಮು. ನಾನು ಅದನ್ನು ಓದಿದ್ದು ನಿವೃತ್ತನಾದ ಮೇಲೆ! 22ನೇ ಕಲಮು ಹೆಸರು ತೆಗೆಯುವ ಮುನ್ನ ಆ ವ್ಯಕ್ತಿಗೆ ಹೇಳಿಕೊಳ್ಳುವ ಅವಕಾಶ ಕೊಡಬೇಕೆನ್ನುತ್ತದೆ. ದೆಹಲಿ, ಮುಂಬಯಿಯ ಬಡವರ ಬಡಾವಣೆಗಳಲ್ಲಿ ಪೊಲೀಸರ ವರದಿ ನಂಬಿ ಹೆಸರು ತೆಗೆಯಹೊರಟಾಗ, 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿ ಹಿಡಿಯಿತು. ಒಮ್ಮೆ ಪಟ್ಟಿ ಸೇರಿದ ಹೆಸರನ್ನು ಅವರ ಮಾತು ಕೇಳದೆ ಅಳಿಸಕೂಡದು. ತೆಗೆದರೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿಯುಂಟು, ಗಡುವು 15 ದಿನ. ಪುಣೆಯಲ್ಲಿ ಇಟ್ಟಿಗೆ ಹೊರುವವನಿಗೆ ಆ ಹದಿನೈದು ದಿನಗಳ ಲೆಕ್ಕ ಹೇಳುವವರು ಯಾರು?

ದೆಹಲಿಯ ಮಟ್ಟದಲ್ಲಿ ಇಂಥ ವಕಾಲತ್ತು ಮಾಡುವ ಲಾಭರಹಿತ ಸಂಸ್ಥೆಗಳಿವೆ. 1999ರಲ್ಲಿ ಕೆಲವು ಪ್ರಾಧ್ಯಾಪಕರು ಕಟ್ಟಿದ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ (ಎ.ಡಿ.ಆರ್.) ಅವುಗಳಲ್ಲೊಂದು. ಮೇಷ್ಟರುಗಳ ಸಂಸ್ಥೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಅಭ್ಯರ್ಥಿಗಳು ತಮ್ಮ ಆಸ್ತಿ ಮತ್ತು ಅಪರಾಧ ಪ್ರಕರಣಗಳನ್ನು ಘೋಷಿಸುವಂತಾದದ್ದು ಅವರ ಅರ್ಜಿಯ ಮೇಲೆ ಬಂದ 2002ರ ತೀರ್ಪಿನಿಂದ. 2025ರಲ್ಲಿ ಬಿಹಾರದ ಪಟ್ಟಿ ಪರಿಷ್ಕರಣೆಯಲ್ಲಿ ಸುಮಾರು 65 ಲಕ್ಷ ಹೆಸರುಗಳು ಕರಡಿನಿಂದ ಬಿಟ್ಟುಹೋದಾಗಲೂ ಎ.ಡಿ.ಆರ್. ಮುಂತಾದವರ ಅರ್ಜಿಗಳ ಮೇಲೆಯೇ, ಬಿಟ್ಟ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಬೇಕೆಂದು ಆಗಸ್ಟ್ 14ರಂದು ಆದೇಶ ಬಂದಿತು. ಅಮೆರಿಕೆಯಲ್ಲಿ ಕರಿಯರ ಹಕ್ಕುಗಳಿಗಾಗಿ ಥರ್ಗುಡ್ ಮಾರ್ಷಲ್ 1940ರಲ್ಲಿ ಕಾನೂನು ನಿಧಿಯೊಂದನ್ನೇ ಸ್ಥಾಪಿಸಿದರು. ಟೆಕ್ಸಾಸಿನಲ್ಲಿ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಬಿಳಿಯರಿಗೆ ಮಾತ್ರ ಮತವಿದ್ದುದನ್ನು 1944ರಲ್ಲಿ ಅವರು ಮುರಿದದ್ದು ಒಬ್ಬ ದಂತವೈದ್ಯನ ಮೊಕದ್ದಮೆಯಿಂದ. ಒಬ್ಬನ ಮತ, ಒಬ್ಬ ವಕೀಲ, ಅಷ್ಟರಿಂದ ಆರಂಭ.

ಆದರೆ ದೆಹಲಿಯ ತೀರ್ಪು ತಹಶೀಲ ಕಚೇರಿಯ ಮೆಟ್ಟಿಲು ಹತ್ತಬೇಕಾದರೆ ಯಾರಾದರೂ ಕೈಹಿಡಿದು ಕರೆತರಬೇಕು. ನನ್ನ ಕೈಯಲ್ಲಿ ಅಕ್ಷರ ತಿದ್ದಿದವರಲ್ಲಿ ಆಳಂದದಲ್ಲೂ ಕಲಬುರಗಿಯಲ್ಲೂ ವಕೀಲಿ ಮಾಡುವವರಿದ್ದೀರಿ. ಹೊಲದ ಬಾಂದಿನ ವ್ಯಾಜ್ಯಕ್ಕೆ ಹತ್ತು ವರ್ಷ ಓಡಾಡುವ ನೀವು ವರ್ಷದಲ್ಲಿ ಹದಿನೈದು ದಿನ ಇದಕ್ಕೆ ಕೊಡಲಾರಿರಾ? ಕರಡು ಪಟ್ಟಿ ಬಂದಾಗ ಹಳ್ಳಿಗೊಬ್ಬರು ಪಂಚಾಯಿತಿ ಕಟ್ಟೆಯ ಮೇಲೆ ಕುಳಿತು ಬಿಟ್ಟ ಹೆಸರುಗಳನ್ನು ಗಟ್ಟಿಯಾಗಿ ಓದುವುದು, ಗುಳೆ ಹೋದವರಿಗೆ ಮನೆಯವರ ಮೊಬೈಲಿನಿಂದ ಸುದ್ದಿ ಮುಟ್ಟಿಸುವುದು, ಮೇಲ್ಮನವಿಯನ್ನು ಶುಲ್ಕವಿಲ್ಲದೆ ಬರೆದುಕೊಡುವುದು. ಯಾವ ಪಕ್ಷದವನ ಹೆಸರಾದರೂ ಸರಿ. ಈ ಒಂದು ಷರತ್ತನ್ನು ಮಾತ್ರ ಸಡಿಲಿಸಬೇಡಿ.

ಬಿ.ಎಲ್.ಓ. ಆಗಿರುವ ಶಿಕ್ಷಕರಿಗೆ ಒಂದು ಮಾತು. ಬೀಗ ಕಂಡರೆ ಇನ್ನೊಮ್ಮೆ ಹೋಗಿರಿ.

ಆ ಮುತ್ಯಾನ ಹೆಸರನ್ನು ಮರುವರ್ಷ ನಾನೇ ನಮೂನೆ ತುಂಬಿ ಮತ್ತೆ ಸೇರಿಸಿದೆ. ಕಾರಣ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ವಕೀಲ ಶಿಷ್ಯರು ಯಾರಾದರೂ ಮುಂದೆ ಬಂದರೆ ಅರ್ಜಿ ಬರೆಯುವ ಕೆಲಸ ನನಗಿರಲಿ. ಕಣ್ಣು ಮಂಜಾಗಿದೆ, ಅಕ್ಷರ ಇನ್ನೂ ನೆಟ್ಟಗಿದೆ.