ಸಹಾಯಧನದ ಅರ್ಜಿಯಲ್ಲಿ ನೀರಿನ ಕಾಲಂ ಎಲ್ಲಿದೆ?

ಉದ್ಯಮಗಳಿಗೆ ಸರ್ಕಾರ ನೀಡುವ ಸಹಾಯಧನವು ಉದ್ಯಮಿಗೂ ಖಜಾನೆಗೂ ಮಾತ್ರ ಸಂಬಂಧಿಸಿದ ವ್ಯವಹಾರವೆಂದು ಮಲೆನಾಡಿನ ಹಳ್ಳಿಗಳಲ್ಲಿ ಭಾವಿಸುವವರೇ ಹೆಚ್ಚು. ಆದರೆ ಅದರ ಪರಿಣಾಮ ನದಿಯುದ್ದಕ್ಕೂ ಹರಿಯುತ್ತದೆ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಬಳಿ ಅಣೆಕಟ್ಟೆಯಲ್ಲಿ ತಂಗಿ, ಎಡದಂಡೆ ಕಾಲುವೆಯಿಂದ ತಲುಪುವುದು ಸಿಂಧನೂರು ಸೀಮೆಯನ್ನು. ಸಾಲಗುಂದ ಇರುವುದು ಆ ತಾಲೂಕಿನಲ್ಲಿ.

ಹಿಂದುಳಿದ ಸೀಮೆಗೆ ಹೆಚ್ಚಿನ ನೆರವು ಸಲ್ಲಬೇಕೆಂಬುದರಲ್ಲಿ ತಕರಾರಿಲ್ಲ. 2002ರ ನಂಜುಂಡಪ್ಪ ಸಮಿತಿಯು ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ತೋರಿಸಿಕೊಟ್ಟಿತು. 2025ರ ಫೆಬ್ರವರಿಯಲ್ಲಿ ಪ್ರಕಟವಾದ ಕೈಗಾರಿಕಾ ನೀತಿಯೂ ಬೆಂಗಳೂರಿನಿಂದಾಚೆಗಿನ ತಾಲೂಕುಗಳಿಗೆ ಹೆಚ್ಚಿನ ಪ್ರೋತ್ಸಾಹ ಘೋಷಿಸಿ, 20 ಲಕ್ಷ ಉದ್ಯೋಗಗಳ ಗುರಿ ಇಟ್ಟುಕೊಂಡಿದೆ. ಆಕ್ಷೇಪ ಇರುವುದು ಅಳತೆಗೋಲಿನ ಬಗ್ಗೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆಂದು 2020ರಲ್ಲಿ ಆರಂಭವಾದ ಕೇಂದ್ರದ ಯೋಜನೆಯ ಶೇ. 35ರ ನೆರವಿಗೆ ರಾಜ್ಯವು ತನ್ನ ಶೇ. 15ನ್ನು ಸೇರಿಸಿತು. ಈ ಶೇಕಡಾವಾರು ನಿಲ್ಲುವುದು ಘಟಕದ ವೆಚ್ಚದ ಮೇಲೆ. ಯಂತ್ರ ಅರೆಯುವ ಧಾನ್ಯ ಎಷ್ಟು ನೀರು ಕುಡಿದು ಬಂತೆಂದು ಯಾರೂ ಕೇಳುವುದಿಲ್ಲ.

ಕೇಳಲೇಬೇಕಾದ ಸೀಮೆ ಇದು. ಎಡದಂಡೆ ಕಾಲುವೆಯನ್ನು ರೂಪಿಸಿದ್ದು ಬಹುಪಾಲು ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗಾಗಿ. ಭತ್ತಕ್ಕೆ ಮೀಸಲಿದ್ದುದು ಸೀಮಿತ ಪ್ರದೇಶ. ಆದರೆ ಭತ್ತ ಕಾಲುವೆಯುದ್ದಕ್ಕೂ ಹಬ್ಬಿತು, ಸಿಂಧನೂರು ಅಕ್ಕಿ ಗಿರಣಿಗಳ ಊರಾಯಿತು, ಮಾನ್ವಿ ಮತ್ತು ರಾಯಚೂರಿನ ಕೊನೆಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದು ವಾಡಿಕೆಯಾಯಿತು. ಇದಕ್ಕೆ ಗಿರಣಿಯವರನ್ನಷ್ಟೇ ದೂರುವುದು ಅನ್ಯಾಯ. ಕೊಳ್ಳುವವರಿರುವ ಬೆಳೆಯನ್ನು ರೈತ ಬೆಳೆಯುತ್ತಾನೆ. ಆದರೆ ಭತ್ತ ಕೊಳ್ಳುವ ಯಂತ್ರಕ್ಕೂ ಜೋಳ ಕೊಳ್ಳುವ ಯಂತ್ರಕ್ಕೂ ಒಂದೇ ತಕ್ಕಡಿ ಹಿಡಿಯುವ ಸರ್ಕಾರ ತಾನೇ ರೂಪಿಸಿದ ಕಾಲುವೆಯ ನಕ್ಷೆಯನ್ನು ಮರೆತಂತಾಗುತ್ತದೆ.

ಅತ್ತ ಜಲಾಶಯವೂ ಕುಗ್ಗಿದೆ. ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದುದು ಹೂಳು ತುಂಬಿ 105ರ ಆಸುಪಾಸಿಗೆ ಇಳಿಯಿತು. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಸೀಮೆಯೇ ತಲ್ಲಣಿಸಿತು. ಹೂಳಿನ ಮಣ್ಣು ಮೇಲಿನ ಗುಡ್ಡಗಳದ್ದೂ ಹೌದು, ಅದಕ್ಕೆ ಬೆಲೆ ಕಟ್ಟುವುದೂ ಯಾವ ಯೋಜನಾ ವೆಚ್ಚದಲ್ಲೂ ಇಲ್ಲ.

ಲೆಕ್ಕಕ್ಕೆ ಬಾರದ ಸಹಾಯಧನವೆಂದರೇನೆಂಬುದು ಮಲೆನಾಡಿಗೆ ಹೊಸತಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರು ಬುಟ್ಟಿ ಹೆಣೆಯುವವರಿಗೆ ಸಿಗದ ಅಗ್ಗದ ದರದಲ್ಲಿ ಸಿಕ್ಕಿತು. 1984ರಲ್ಲಿ ಹರಿಹರ ಪಾಲಿಫೈಬರ್ಸ್ ಜೊತೆಗೂಡಿ ಸರ್ಕಾರ ಸ್ಥಾಪಿಸಿದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ನೀಲಗಿರಿಗೆಂದು ಕೊಡಹೊರಟಾಗ, 1987ರಲ್ಲಿ ಕುಸನೂರಿನ ಜನ ‘ಕಿತ್ತಿಕೊ-ಹಚ್ಚಿಕೊ’ ನಡೆಸಿ ನೀಲಗಿರಿ ಕಿತ್ತು ಉಪಯುಕ್ತ ಸಸಿ ನೆಟ್ಟರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು. ಹಣದ ರೂಪದಲ್ಲಿರದ ಸಹಾಯಧನವನ್ನು ಜನ ಗುರುತಿಸಿದ್ದರು.

ಸಿಂಧನೂರು ಸೀಮೆಯಲ್ಲಿ ಕಿತ್ತೊಗೆಯಬೇಕಾದದ್ದೇನಿಲ್ಲ, ಸೇರಿಸಬೇಕಾದದ್ದಿದೆ. ಸಿರಿಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ನೀಡುವ ‘ರೈತಸಿರಿ’ಯನ್ನು 2019ರ ಬಜೆಟ್‌ನಲ್ಲಿ ರಾಜ್ಯವೇ ಘೋಷಿಸಿತ್ತು. ಬೆಳೆಗಾರನಿಗೆ ತೋರಿದ ಆ ವಿವೇಕವನ್ನು ಘಟಕದ ಬಾಗಿಲಿಗೂ ತರುವುದಾದರೆ, ಜೋಳ, ಸಜ್ಜೆ, ಶೇಂಗಾ ಸಂಸ್ಕರಿಸುವ ಘಟಕಕ್ಕೆ ಭತ್ತದ ಘಟಕಕ್ಕಿಂತ ಹೆಚ್ಚಿನ ದರ ನಿಗದಿಯಾಗಬೇಕು. ಯಾರಿಗೆ ಎಷ್ಟು ಸಂದಿತೆಂಬ ಪಟ್ಟಿಯನ್ನು ಸಾಲಗುಂದದಂಥ ಊರಿನ ಗ್ರಾಮಸಭೆಯಲ್ಲಿ ಓದಬೇಕು.