ಸಿಕ್ಕಿದ ಗಂಟು ಯಾರದು?

ಮಂತ್ರಾಲಯಕ್ಕೂ ಅದರ ರೈಲು ನಿಲ್ದಾಣಕ್ಕೂ ಸುಮಾರು 15 ಕಿಲೋಮೀಟರು ಅಂತರ. ನದೀತೀರದಲ್ಲಿಯೋ ಬಸ್ಸಿನಲ್ಲಿಯೋ ಯಾತ್ರಿಕನು ಮರೆತ ಗಂಟು ಬೇರೊಬ್ಬರ ಕಣ್ಣಿಗೆ ಬೀಳುವಷ್ಟರಲ್ಲಿ ಅವನು ರೈಲು ಹತ್ತಿರುತ್ತಾನೆ.

ಅಂಥ ಗಂಟನ್ನು ಕಂಡ ಪ್ರಾಮಾಣಿಕರೂ ಕೆಲವೊಮ್ಮೆ, ಮುಟ್ಟಿದರೆ ಕಳ್ಳನೆಂಬ ಅಪವಾದ ಬಂದೀತೆಂದು ದೂರ ಸರಿಯುವುದುಂಟು. ಕಾನೂನು ಹಾಗೆನ್ನುವುದಿಲ್ಲ. 1860ರ ದಂಡಸಂಹಿತೆಯ 403ನೆಯ ಕಲಮು ಹೇಳಿದ್ದನ್ನೇ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮೂ ಹೇಳುತ್ತದೆ: ಒಡೆಯನಿಗೆ ಮುಟ್ಟಿಸಲೆಂದು ಎತ್ತಿಟ್ಟುಕೊಳ್ಳುವುದು ಅಪರಾಧವಲ್ಲ, ಅವನನ್ನು ಹುಡುಕಲೆತ್ನಿಸದೆ ತನ್ನದಾಗಿಸಿಕೊಳ್ಳುವುದು ಅಪರಾಧ.

ರೈಲಿನಲ್ಲಿ ಮರೆತವರು 139ಕ್ಕೆ ಕರೆ ಮಾಡಬಹುದು. ರೈಲ್ವೆ ರಕ್ಷಣಾ ಪಡೆಯು ‘ಅಮಾನತ್’ ಕಾರ್ಯಾಚರಣೆಯಡಿ ಇಂಥ ಸಾಮಾನುಗಳನ್ನು ಮರಳಿಸುತ್ತಿದೆ. ಆದರೆ ಯಾರ ಕೈಗೆ ಮೊದಲು ಸಿಕ್ಕಿತೋ ಅವರ ಮನಸ್ಸೇ ಇಲ್ಲಿ ಮುಖ್ಯ.

ಪಾಲಕರಲ್ಲಿ ಬಿನ್ನಹವಿಷ್ಟೆ. ಪ್ರಯಾಣದ ಚೀಲದೊಳಗೆ ಹೆಸರು, ದೂರವಾಣಿ ಸಂಖ್ಯೆಗಳ ಚೀಟಿಯಿಡಿರಿ. ನಮ್ಮ ಸೀಮೆಯಲ್ಲಿ ಕನ್ನಡದೊಡನೆ ತೆಲುಗಿನಲ್ಲಿಯೂ ಬರೆಯಿರಿ. ಮಗು ತನಗೆ ಸಿಕ್ಕಿದ ಪೆನ್ಸಿಲನ್ನು ಗುರುಗಳ ಮೇಜಿನ ಮೇಲಿಟ್ಟು ಬಂದೆನೆಂದರೆ, ‘ಚಿಕ್ಕದಲ್ಲವೇ’ ಎನ್ನದೆ ಮೆಚ್ಚಿರಿ. ಪೆನ್ಸಿಲು ಮರಳಿಸಿ ರೂಢಿಯಾದ ಕೈ ನಾಳೆ ಅಪರಿಚಿತನ ಚಿನ್ನವನ್ನೂ ಮರಳಿಸೀತು.