ಪಂಚಾಯ್ತಿ ಬೋರ್ಡಿನಲ್ಲಿ ಮಳೆ ಲೆಕ್ಕ ಬರೆಸುತ್ತೇವೆ ಎಂದಿದ್ದಿರಿ

ಮಳೆಮಾಪಕಗಳ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳಿಗೆ, ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರನೊಬ್ಬನ ಪತ್ರ.

ಅರ್ಜಿ ಕೊಟ್ಟದ್ದಾಯಿತು, ಫೋನು ಮಾಡಿದ್ದಾಯಿತು, ಸೊಸೈಟಿ ಅಧ್ಯಕ್ಷರನ್ನು ಮುಂದಿಟ್ಟುಕೊಂಡು ನಿಮ್ಮ ಕಚೇರಿಗೇ ಬಂದದ್ದೂ ಆಯಿತು. ಪ್ರತಿ ಸಲವೂ ‘ಮೇಲಕ್ಕೆ ಬರೆದಿದ್ದೇವೆ’ ಎಂಬ ಉತ್ತರ. ಮೇಲೆ ಯಾರಿದ್ದಾರೆಂದು ಯಾರೂ ಹೇಳದ್ದರಿಂದ ಪತ್ರಿಕೆಯ ಮೂಲಕವೇ ಬರೆಯಬೇಕಾಗಿದೆ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಬೆಳೆಗಾರರಿಗೆ ಹಿನ್ನೆಲೆ ಬಿಡಿಸಿ ಹೇಳಬೇಕಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಗೆಂದು ಅಡಿಕೆಗೆ ಹೆಕ್ಟೇರಿಗೆ 6,400 ರೂಪಾಯಿ, ಕಾಳುಮೆಣಸಿಗೆ 2,350 ರೂಪಾಯಿ ಕಟ್ಟುತ್ತೇವೆ. ಅಡಿಕೆಯ ವಿಮಾ ಮೊತ್ತ ಹೆಕ್ಟೇರಿಗೆ 1,28,000. ಈ ವಿಮೆಯಲ್ಲಿ ತೋಟಕ್ಕೆ ಬಂದು ನೋಡುವವರಿಲ್ಲ. ಮಾಪಕ ಹೇಳಿದ್ದೇ ತೀರ್ಪು. ಕೊಳೆ ರೋಗ ಹತ್ತಿ ಅರ್ಧ ಫಸಲು ಮರದ ಬುಡದಲ್ಲಿ ಬಿದ್ದಿದ್ದರೂ, ಮಾಪಕ ಮಳೆ ಬಂದಿಲ್ಲ ಎಂದರೆ ಬಂದಿಲ್ಲ. ಹೋದ ಮಳೆಗಾಲದಲ್ಲಿ ನಮ್ಮ ಪಂಚಾಯ್ತಿಯ ಮಾಪಕ ಪುಷ್ಯ ಮಳೆ ಶುರುವಾಗುವ ಹೊತ್ತಿಗೆ ಸುದ್ದಿ ಕಳಿಸುವುದನ್ನು ನಿಲ್ಲಿಸಿತು. ಆ ದಿನಗಳಿಗೆ ಬೇರೆ ಕೇಂದ್ರದ ಅಂಕಿ ತುಂಬಿದರಂತೆ. ಖಾತೆಗೆ ಬಿದ್ದ ಹಣ ನೋಡಿದರೆ ಕಟ್ಟಿದ ಕಂತೂ ಹುಟ್ಟಲಿಲ್ಲ. ಹಾಳಾಗಲಿ, ದುಡ್ಡಿನ ಮಾತು ಆಮೇಲೆ.

ನನ್ನ ತಕರಾರು ನಿಮ್ಮ ಮಾತಿನ ಬಗ್ಗೆ. ಆ ಮುಂಗಾರಿಗೆ ಮುಂಚೆ ನಮ್ಮ ಸೊಸೈಟಿ ಸಭಾಭವನದಲ್ಲಿ, ಮೈಕು ಹಿಡಿದು ನೀವು ಹೇಳಿದ್ದಿರಿ: ‘ಮಾಪಕ ರಿಪೇರಿ ಮಾಡಿಸುತ್ತೇವೆ. ದಿನಾ ಬೆಳಿಗ್ಗೆ ಆ ದಿನದ ಮಳೆಯನ್ನು ಪಂಚಾಯ್ತಿ ಬೋರ್ಡಿನಲ್ಲಿ ಬರೆಸುತ್ತೇವೆ. ತಪ್ಪಿದ್ದರೆ ಅವತ್ತೇ ನೀವು ಕೇಳಬಹುದು.’ ನಾವು ಚಪ್ಪಾಳೆ ತಟ್ಟಿದೆವು. ಬೋರ್ಡೂ ಬಂತು. ಕಪ್ಪು ಬಣ್ಣ ಬಳಿದು ದಿನಾಂಕ, ಮಳೆ ಮಿ.ಮೀ., ಇಲ್ಲಿಯವರೆಗಿನ ಒಟ್ಟು ಎಂದು ಬಿಳಿ ಗೆರೆ ಎಳೆದು ಮೂರು ಅಂಕಣ ಮಾಡಿದರು. ಮೊದಲ ಸಾಲಿನಲ್ಲಿ ಯಾರೋ ಒಂದು ದಿನಾಂಕ ಬರೆದರು. ಅದರ ಮುಂದಿನ ಎರಡು ಮನೆ ಇವತ್ತಿಗೂ ಖಾಲಿ. ಈಗ ಅದರ ಮೇಲೆ ನೀರಿನ ಕರ ಬಾಕಿದಾರರ ಪಟ್ಟಿ ಅಂಟಿಸಿದ್ದಾರೆ. ಅದು ಮಾತ್ರ ತಪ್ಪದೆ ಹೊಸದಾಗುತ್ತದೆ.

ಮಾಪಕ ಹೇಗಿದೆ ಎಂದು ನೀವಾಗಿ ನೋಡಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಪಂಚಾಯ್ತಿ ತಾರಸಿಯ ಮೇಲೆ, ನೀರಿನ ಟ್ಯಾಂಕಿಗೆ ಒತ್ತಿಕೊಂಡು ನಿಂತಿದೆ. ಮೇಲೆ ಹಲಸಿನ ಮರದ ಕೊಂಬೆ ಚಾಚಿದೆ. ಗೋಡೆ, ಮರ ಏನೇ ಇರಲಿ, ಅದರ ಎತ್ತರದ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ಇರಬೇಕೆಂಬುದು ಜಗತ್ತೆಲ್ಲ ಒಪ್ಪಿದ ನಿಯಮ. ಯಂತ್ರದ ಒಳಗೆ ಆಲಿಕೆಯ ಕೆಳಗೆ ಏತದ ಹಾಗೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿ ವಾಲಿದರೆ ಇನ್ನೊಂದು ಮೇಲೆದ್ದು ಬರುತ್ತದೆ, ಒಂದೊಂದು ವಾಲಿಕೆಯೂ ಇಷ್ಟು ಮಳೆ ಎಂದು ಲೆಕ್ಕವಾಗುತ್ತದೆ. ಆಲಿಕೆಯ ಬಾಯಿಗೆ ಹಲಸಿನ ಎಲೆ ಕೂತರೆ ಜಡಿಮಳೆ ಅಂಚಿನಿಂದ ಹೊರಗೆ ಚೆಲ್ಲುತ್ತದೆ. ಒಳಗೆ ನಿಂತ ನೀರು ಮರುದಿನ ಹನಿಹನಿಯಾಗಿ ಇಳಿದು ಬಿಸಿಲಲ್ಲೂ ತುಂತುರು ಮಳೆ ಎಂದು ದಾಖಲಾಗುತ್ತದೆ. ಸರಿಯಾಗಿರುವ ಯಂತ್ರವೇ ಜೋರು ಮಳೆಯಲ್ಲಿ ಸ್ವಲ್ಪ ಕಡಿಮೆ ತೋರಿಸುತ್ತದೆ, ಬಟ್ಟಲು ವಾಲುವಷ್ಟರಲ್ಲಿ ಸುರಿದದ್ದು ಲೆಕ್ಕ ತಪ್ಪಿಹೋಗುತ್ತದೆ. ನಮ್ಮದರಲ್ಲಿ ಕಣಜ ಗೂಡು ಕಟ್ಟಿದೆ. ಬ್ಯಾಟರಿಗೆ ಸೋಲಾರ್ ಫಲಕ, ಅಂಕಿ ಕಳಿಸಲು ಸಿಮ್ ಕಾರ್ಡು. ಜುಲೈನಲ್ಲಿ ನಮ್ಮಲ್ಲಿ ಬಿಸಿಲೂ ಇಲ್ಲ, ನೆಟ್‌ವರ್ಕೂ ಇಲ್ಲ. ಮಳೆ ಜೋರಾದಾಗಲೇ ಬಾಯಿ ಮುಚ್ಚುವ ಮಳೆಮಾಪಕವನ್ನು ಮಲೆನಾಡಿಗೆ ಆರಿಸಿದವರು ಯಾರು ಸ್ವಾಮಿ?

ಆಗುಂಬೆಯಲ್ಲಿ 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಮಳೆಯಾದದ್ದು ಇಂದಿಗೂ ದಾಖಲೆಯಲ್ಲಿದೆ. ಸಿಮ್ಮಿಲ್ಲ, ಬ್ಯಾಟರಿಯಿಲ್ಲ, ಕಂಬಳಿಕೊಪ್ಪೆ ಹಾಕಿಕೊಂಡೋ ಕೊಡೆ ಹಿಡಿದೋ ಒಬ್ಬ ಮನುಷ್ಯ ಹೋಗಿ ಅಳೆದದ್ದು. ದೂರ ಯಾಕೆ, ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ, ಚಕ್ರಾ, ಸಾವೇಹಕ್ಲಿನ ಮಳೆಯ ಅಂಕಿ ಮಳೆಗಾಲವಿಡೀ ಪೇಪರಿನಲ್ಲಿ ಬರುತ್ತದೆ. ಅಲ್ಲಿ ಅಣೆಕಟ್ಟಿದೆ, ಕರೆಂಟಿಗೆ ನೀರಿನ ಲೆಕ್ಕ ಬೇಕು. ಅಳೆಯಬೇಕೆಂಬ ಮನಸ್ಸಿದ್ದರೆ ಈ ಕಾಡಿನಲ್ಲೂ ಅಳೆಯಬಹುದು ಎಂದಾಯಿತಲ್ಲ!

ಪಕ್ಕದ ಕೇಂದ್ರದ ಅಂಕಿ ಹಾಕಿದ್ದೇವೆ, ಅದರಲ್ಲೇನು ಎಂದು ನಿಮ್ಮವರು ಕೇಳಿದರು. ಇದು ಬಯಲುಸೀಮೆಯಲ್ಲ. ಅರಬ್ಬೀ ಸಮುದ್ರದಿಂದ ಬರುವ ಗಾಳಿ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ, ತಣ್ಣಗಾಗಿ, ಅಲ್ಲೇ ಸುರಿದುಬಿಡುತ್ತದೆ. ನೆತ್ತಿ ದಾಟಿ ಮೂಡಣಕ್ಕೆ ಇಳಿದಂತೆ ಬರಿದಾಗುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುವ ಆಗುಂಬೆಯಿಂದ ಸಾವಿರದ ಆಸುಪಾಸಿನ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಅರ್ಧ ದಿನವೂ ಬೇಡ. ಹುಲಿಕಲ್ಲೂ ರಿಪ್ಪನ್‌ಪೇಟೆಯೂ ಒಂದೇ ತಾಲ್ಲೂಕು, ಮಳೆ ಒಂದೇ ಅಲ್ಲ. ಸಾಗರದಲ್ಲಿ ಕರೂರು, ಬಾರಂಗಿಯ ಮಳೆಯನ್ನು ಆನಂದಪುರದವರ ಲೆಕ್ಕಕ್ಕೆ ಹಾಕಿ ನೋಡಿ. ತೀರ್ಥಹಳ್ಳಿಯಲ್ಲಿ ಮೇಗರವಳ್ಳಿಯದ್ದನ್ನು ಮಂಡಗದ್ದೆಗೆ ಹಾಕಿ. ನಮಗೆ ತುಂಬಿದ್ದು ಗುಡ್ಡದಾಚೆ, ಮೂಡಣ ಮಗ್ಗುಲಿನ ಕೇಂದ್ರದ ಅಂಕಿ.

ಕೊಳೆಗೂ ಬರೀ ಮಳೆಯ ಮೊತ್ತ ಸಾಲದು. ಶೇ. 90 ದಾಟಿದ ತೇವಾಂಶ, 20ರಿಂದ 23 ಡಿಗ್ರಿಯ ತಂಪು, ನಡುನಡುವೆ ಇಣುಕುವ ಬಿಸಿಲು ಕೂಡಿದರೆ ಬೋರ್ಡೋ ದ್ರಾವಣ ಹೊಡೆದ ಅಡಿಕೆ ಕೊನೆಯೂ ಉದುರುತ್ತದೆ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಮೇಲೆ ವರದಿ ಬರೆದು ಬೋರ್ಡೋ ದ್ರಾವಣದ ದಾರಿ ತೋರಿಸಿದ್ದರು. ಇಷ್ಟು ವರ್ಷವಾದರೂ ತೇವಾಂಶ, ಉಷ್ಣಾಂಶ ಅಳೆಯುವ ಯಂತ್ರ ಹೋಬಳಿಗೊಂದು ಮಾತ್ರ. ಮಳೆಯ ವರಸೆ ಬದಲಾಗಿದೆ, ಹವಾಮಾನ ಕೆಟ್ಟಿದೆ ಎಂದು ವೇದಿಕೆಯಲ್ಲಿ ಭಾಷಣ ಮಾಡುತ್ತೀರಿ. ಎಷ್ಟು ಬದಲಾಗಿದೆ ಎಂದು ನಮ್ಮೂರಿನ ಮಟ್ಟಿಗೆ ಹೇಳಲು ನಿಮ್ಮ ಕೈಲಿ ಏನಿದೆ? ಎಲೆಚುಕ್ಕಿ ರೋಗ ಯಾಕೆ ಹೀಗೆ ಹಬ್ಬುತ್ತಿದೆ ಎಂದು ನಾಳೆ ಯಾರಾದರೂ ಅಭ್ಯಾಸ ಮಾಡಲು ಕೂತರೆ ಅವರ ಮುಂದೆ ಇಡುವುದು ಕಣಜದ ಗೂಡನ್ನೋ?

ಇನ್ನು ನೀವಾಡಿದ ಆ ಲೇವಡಿಯ ಮಾತು. ನಮ್ಮೂರ ಹಿರಿಯರೊಬ್ಬರು ಅಂಗಳದಲ್ಲಿ ಮಾಪಕ ಇಟ್ಟು, ಬೆಳಿಗ್ಗೆ ಎಂಟೂವರೆಗೆ ಅಳೆದು, ಡೈರಿಯಲ್ಲಿ ಬರೆದಿಡುವವರು. ಆ ಡೈರಿ ಹಿಡಿದು ನಿಮ್ಮೆದುರು ನಿಂತಾಗ ನೀವು ಪುಟ ತಿರುವಲಿಲ್ಲ. ‘ಏನು, ಕೊಡಪಾನ ಇಟ್ಟು ಅಳೆದ್ರಾ?’ ಎಂದು ನಕ್ಕಿರಿ. ಸುತ್ತ ಕೂತವರೂ ನಕ್ಕರು. ಅವರು ಡೈರಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಬಂದರು. ಕೊಡಪಾನಕ್ಕೆ ಕನಿಷ್ಠ ಕಣಜ ಗೂಡು ಕಟ್ಟುವುದಿಲ್ಲ ಸಾಹೇಬರೇ. ಬೋರ್ಡಿನಲ್ಲಿ ನೀವು ದಿನಾ ಬರೆಸಿದ್ದರೆ ಅವರು ಡೈರಿ ಹೊತ್ತು ಬರುವ ಪ್ರಸಂಗವೇ ಇರುತ್ತಿರಲಿಲ್ಲ.

ನಮ್ಮ ಕಡೆ ಎಲ್ಲವೂ ಹೀಗೇ. ಕಳಸವಳ್ಳಿ–ಅಂಬಾರಗೋಡ್ಲು ಸೇತುವೆ ಉದ್ಘಾಟನೆಯಾಗಲು 2025ರ ಜುಲೈ ಬರಬೇಕಾಯಿತು. ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನೆಟ್‌ವರ್ಕಿಗಾಗಿ ಮತದಾನ ಬಹಿಷ್ಕಾರದ ಬೋರ್ಡು ಹಾಕಬೇಕು. ಕರೆಂಟು ಹುಟ್ಟುವುದು ಇಲ್ಲಿ, ಮಳೆಗಾಲದಲ್ಲಿ ವಾರಗಟ್ಟಲೆ ಇಲ್ಲದಿರುವುದೂ ಇಲ್ಲೇ. ಅದನ್ನೆಲ್ಲ ನೀವೊಬ್ಬರೇ ಸರಿಮಾಡಿ ಎಂದು ಕೇಳುತ್ತಿಲ್ಲ.

ಕೇಳುತ್ತಿರುವುದು ಇಷ್ಟು. ಯಾವ್ಯಾವ ದಿನ ನಮ್ಮ ಮಾಪಕ ಕೆಟ್ಟಿತ್ತು, ಆ ದಿನಗಳಿಗೆ ಯಾವ ಕೇಂದ್ರದ ಅಂಕಿ ಹಾಕಿದಿರಿ, ಯಾರ ಸಹಿಯಿಂದ ಹಾಕಿದಿರಿ ಎಂಬುದನ್ನು ಬರಹದಲ್ಲಿ ಕೊಡಿ. ಯಂತ್ರವನ್ನು ತಾರಸಿಯಿಂದ ಇಳಿಸಿ ಶಾಲೆಯ ಮೈದಾನಕ್ಕೆ ತನ್ನಿ, ಪಕ್ಕದಲ್ಲಿ ಕೈಯಲ್ಲಿ ಅಳೆಯುವ ಮಾಪಕವನ್ನೂ ಇಡಿ. ಬೋರ್ಡಿನ ಮೇಲಿರುವ ಕರದ ಪಟ್ಟಿ ಕೀಳಿಸಿ ಲೆಕ್ಕ ಬರೆಸಿ. ಸೊಸೈಟಿಯಲ್ಲಿ ಈ ಸಾಲಿನ ಕಂತು ಕಟ್ಟಿಸಿಕೊಳ್ಳುವ ಮುಂಚೆ ಇದಾಗಬೇಕು. ಆಗದಿದ್ದರೆ ವಿಮೆ ಮಾಡಿಸಿ ಎಂದು ಹೇಳಲು ಈ ಸಲ ಮೈಕು ಹಿಡಿದು ನಮ್ಮೂರಿಗೆ ಬರಬೇಡಿ.

ಇತಿ,
ಒಬ್ಬ ಅಡಿಕೆ ಬೆಳೆಗಾರ
ಹೊಸನಗರ ತಾಲ್ಲೂಕು